ಹಿಂಬಾಗಿಲಿನ ಹೊಸ ಚಿಲಕ

ನಮ್ಮ ಅಡಿಗೆಮನೆಯ ಹಿಂಬಾಗಿಲಿಗೆ ಗೇಣುದ್ದದ ಒಂದು ಹಿತ್ತಾಳೆ ಚಿಲಕವಿದೆ. ಹೆಬ್ಬೆರಳಿನಷ್ಟು ದಪ್ಪ, ಕಣ್ಣಿಗೆ ಹೊಡೆಯುವ ಹೊಳಪು. ನೋಡಿದವರೆಲ್ಲ, ಗಟ್ಟಿಮುಟ್ಟಾಗಿದೆ, ಎಲ್ಲಿ ತಂದಿರಿ ಎಂದು ಕೇಳುತ್ತಾರೆ. ಇಲ್ಲೇ, ಹೊಸನಗರದ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಎನ್ನುತ್ತೇನೆ. ಅಂಥ ಚಿಲಕದ ಮೇಲೆ ಮಸಿಬಟ್ಟೆ ಯಾಕೆ ನೇತಾಡುತ್ತಿದೆ ಎಂದು ಮಾತ್ರ ಇದುವರೆಗೆ ಯಾರೂ ಕೇಳಿಲ್ಲ. ಕೇಳಿದ್ದರೆ ಅವರನ್ನೇ ಕೂರಿಸಿಕೊಂಡು ಹೇಳಿ ಮುಗಿಸುತ್ತಿದ್ದೆ, ನಿಮ್ಮ ತಲೆ ತಿನ್ನುವ ಪ್ರಮೇಯವೇ ಬರುತ್ತಿರಲಿಲ್ಲ.

ಎಲ್ಲದಕ್ಕೂ ಮೂಲ ನನ್ನ ಕನ್ನಡಕ. ಪೇಪರಿನ ಅಕ್ಷರಗಳು ಇರುವೆಗಳ ಹಾಗೆ ಹರಿದಾಡತೊಡಗಿದ ಮೇಲೆ ಸಾಗರಕ್ಕೆ ಹೋಗಿ ಕಣ್ಣು ತೋರಿಸಿಕೊಂಡೆ. ಗಾಜು ಬದಲಿಸಬೇಕು ಎಂದರು. ಕನ್ನಡಕದ ಅಂಗಡಿಯಲ್ಲಿ ನಾನು ಬುದ್ಧಿವಂತಿಕೆ ತೋರಿಸಿ, "ಫ್ರೇಮು ಚೆನ್ನಾಗೇ ಇದೆ, ಇದಕ್ಕೇ ಹೊಸ ಗಾಜು ಕೂರಿಸಿ" ಎಂದೆ. ಅಂಗಡಿಯವನು ನನ್ನ ಮೂಗಿನ ಮೇಲಿಂದ ಕನ್ನಡಕ ತೆಗೆದುಕೊಂಡು, "ಮೂರು ಗಂಟೆ ಬಿಟ್ಟು ಬನ್ನಿ ಮೇಡಂ" ಎಂದ. ಹೊರಗೆ ಬಂದು ನೋಡಿದರೆ ಸಾಗರಕ್ಕೆ ಸಾಗರವೇ ನೀರಲ್ಲಿ ನೆನೆಸಿದ ಚಿತ್ರದಂತೆ ಕಲಸಿಹೋಗಿತ್ತು.

ಪುಣ್ಯಕ್ಕೆ ಜೊತೆಯಲ್ಲಿ ಸರೋಜಕ್ಕ ಇದ್ದರು. ಸರೋಜಕ್ಕ ಎಂದರೆ ನಮ್ಮ ಪಕ್ಕದ ಮನೆಯವರು. ಅವರ ಯಜಮಾನರದು ಹಿಟ್ಟಿನ ಗಿರಣಿ. ರಸ್ತೆಯ ಕಡೆಗೆ ಗಿರಣಿ, ಅದರ ಬೆನ್ನಿಗೆ ಮನೆ. ನನಗಿಂತ ಆರು ವರ್ಷ ದೊಡ್ಡವರು, ನನಗಿಂತ ಅರವತ್ತು ಪಾಲು ಧೈರ್ಯಸ್ಥರು. ಇಪ್ಪತ್ತೆರಡು ವರ್ಷಗಳಿಂದ ದಿನಕ್ಕೊಂದು ಲೋಟ ಕಾಫಿಯನ್ನು ಅವರು ನಮ್ಮ ಅಡಿಗೆಮನೆಯಲ್ಲೇ ಕುಡಿದಿದ್ದಾರೆ. ನಾನು ಶಾಲೆಯಲ್ಲಿ ಟೀಚರಾಗಿದ್ದಾಗ ಸಂಜೆ ಐದಕ್ಕೆ ಬರುತ್ತಿದ್ದರು, ನಿವೃತ್ತಳಾದ ಮೇಲೆ ಬೆಳಿಗ್ಗೆ ಹತ್ತಕ್ಕೆ.

ಬರುವುದು ಹಿಂಬಾಗಿಲಿನಿಂದ. ನಮ್ಮ ಕೇರಿಯಲ್ಲಿ ಇದು ಯಾರೂ ಬರೆದಿಡದ ಕಾನೂನು. ಮುಂಬಾಗಿಲು ಇರುವುದು ಹೊರಗಿನವರಿಗೆ: ಕರೆಂಟ್ ಬಿಲ್ಲಿನವರು, ಮದುವೆ ಕಾಗದ ಹಿಡಿದು ಬಂದವರು, ಇಂಥ ಮನೆ ಎಲ್ಲಿ ಎಂದು ಕೇಳುವವರು. ಅವರು ಬೆಲ್ ಒತ್ತುತ್ತಾರೆ. ಒಳಗಿನವರು ಹಿತ್ತಲಿಂದ ಬಂದು ಬಾಗಿಲು ತಳ್ಳುತ್ತಾರೆ, ಬಡಿಯುವುದಿಲ್ಲ. ಬಡಿದರೆ ಏನೋ ಮನಸ್ತಾಪ ಎಂದೇ ಅರ್ಥ. ಸರೋಜಕ್ಕ ಅಂತೂ ನಮ್ಮ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಶುರು ಮಾಡಿದ ಮಾತನ್ನು ಅಡಿಗೆಮನೆಗೆ ಕಾಲಿಡುವಾಗ ಅರ್ಧ ಮುಗಿಸಿರುತ್ತಾರೆ. ಮೊದಲರ್ಧ ಏನೆಂದು ಊಹಿಸಿಕೊಳ್ಳುವುದು ನನ್ನ ಜವಾಬ್ದಾರಿ.

ನನಗೂ ಇದೇನೂ ಹೊಸದಲ್ಲ. ನಾನು ಹುಟ್ಟಿ ಬೆಳೆದದ್ದು ಜೋಗದಲ್ಲಿ, ಅಪ್ಪ ಪವರ್ ಹೌಸಿನಲ್ಲಿದ್ದರು. ನಮ್ಮ ಸಾಲಿನ ಮನೆಗಳೆಲ್ಲ ಅಚ್ಚಿನಲ್ಲಿ ತೆಗೆದ ಹಾಗೆ ಒಂದೇ ಥರ: ಅದೇ ಹಸಿರು ಬಾಗಿಲು, ಅದೇ ಎರಡು ಮೆಟ್ಟಿಲು. ಎಲ್ಲರೂ ಸಂತೆಯಲ್ಲಿ ಒಬ್ಬನೇ ವ್ಯಾಪಾರಿಯ ಹತ್ತಿರ ಬೀಗ ಕೊಂಡಿದ್ದರಿಂದ ಒಬ್ಬರ ಕೀಲಿ ಇನ್ನೊಬ್ಬರ ಬೀಗಕ್ಕೆ ಆಗುತ್ತಿತ್ತು. ಯಾರಾದರೂ ಕೀಲಿ ಕಳೆದುಕೊಂಡರೆ ಪಕ್ಕದ ಮನೆಯದನ್ನು ಕೇಳಿ ಪಡೆಯುತ್ತಿದ್ದರು, ಅದರಲ್ಲಿ ತಪ್ಪೇನೂ ಯಾರಿಗೂ ಕಾಣುತ್ತಿರಲಿಲ್ಲ. ಒಮ್ಮೆ ಅಪ್ಪ ಡ್ಯೂಟಿ ಮುಗಿಸಿ ಬಂದವರು ಏನೋ ಯೋಚನೆಯಲ್ಲಿ ಒಂದು ಬಾಗಿಲು ಮೊದಲೇ ತಿರುಗಿ ಪಕ್ಕದ ಮನೆಗೆ ಹೋಗಿ ಕೂತುಬಿಟ್ಟರು. ಆ ಮನೆಯ ಲಲಿತಮ್ಮ ಪಾಪ, ಏನನ್ನೂ ಹೇಳದೆ ಉಪ್ಪಿಟ್ಟು ತಂದಿಟ್ಟರು. ಅಪ್ಪ ಪೇಪರಿನಿಂದ ತಲೆ ಎತ್ತದೆ, "ಇವತ್ತು ಉಪ್ಪು ಕಡಿಮೆ ಆಗಿದೆ ಕಣೆ" ಎಂದರು. ಲಲಿತಮ್ಮ ಉಪ್ಪನ್ನೂ ತಂದಿಟ್ಟರು. ಆಮೇಲೆ ಎಷ್ಟೋ ವರ್ಷ ಅಪ್ಪ ಎದುರಿಗೆ ಸಿಕ್ಕಾಗಲೆಲ್ಲ ಲಲಿತಮ್ಮ, "ಉಪ್ಪು ಸರಿಯಾಗಿದೆ, ಬನ್ನಿ" ಎನ್ನುತ್ತಿದ್ದರು.

ಇಂಥ ಊರಿನಲ್ಲಿ ಬೆಳೆದವಳು ಸಿನಿಮಾ ನೋಡಿ ಬಾಗಿಲಿಗೆ ಚಿಲಕ ಹಾಕಿಸಿದಳು ಎಂದರೆ ಯಾರೂ ನಂಬಲಿಕ್ಕಿಲ್ಲ.

ಮೂರು ಗಂಟೆ ಎಲ್ಲಿ ಕಳೆಯುವುದು? ಬಿಸಿಲು ಬೇರೆ. ಎದುರಿಗೇ ಥಿಯೇಟರು ಇತ್ತು, ಮ್ಯಾಟಿನಿ ಇನ್ನೇನು ಶುರುವಾಗುವುದರಲ್ಲಿತ್ತು. ಯಾವ ಚಿತ್ರ ಎಂದು ಕೇಳಿದೆ. ಸರೋಜಕ್ಕ ಪೋಸ್ಟರನ್ನು ಒಮ್ಮೆ ನೋಡಿದರು. "ಚಂದದ ಮನೆ ಹಾಕಿದಾರೆ ವಸು. ದೊಡ್ಡ ಮನೆ, ಬಾಗ್ಲಲ್ಲಿ ಒಂದು ಹೆಂಗಸು ನಿಂತದೆ. ಸಂಸಾರದ ಪಿಚ್ಚರೇ ಇರ್ಬೇಕು" ಎಂದರು. ಮನೆ ಇದೆ, ಹೆಂಗಸಿದ್ದಾಳೆ, ಸಂಸಾರದ ಚಿತ್ರವಲ್ಲದೆ ಇನ್ನೇನಿರುತ್ತದೆ ಎಂದು ನನಗೂ ಅನ್ನಿಸಿತು. ಇಬ್ಬರೂ ಒಳಗೆ ಹೋಗಿ ಕೂತೆವು.

ಕನ್ನಡಕವಿಲ್ಲದ ನನಗೆ ಪರದೆಯ ಮೇಲೆ ಕಂದು ಬಣ್ಣದ ಒಂದು ಮುದ್ದೆ ಮತ್ತು ಅದರೊಳಗೆ ಓಡಾಡುವ ಕೆಂಪು ಚುಕ್ಕೆ, ಇಷ್ಟೇ ಕಾಣುತ್ತಿದ್ದುದು. ಕಂದು ಮುದ್ದೆ ಮನೆ, ಕೆಂಪು ಚುಕ್ಕೆ ಆ ಹೆಂಗಸಿನ ಸೀರೆ ಎಂದು ಸರೋಜಕ್ಕ ಹೇಳಿದರು. ಅಲ್ಲಿಂದ ಮುಂದೆ ಅವರದೇ ವೀಕ್ಷಕ ವಿವರಣೆ. ಗುಡ್ಡದ ಮೇಲೊಂದು ಒಂಟಿ ಮನೆಯಂತೆ, ಗಂಡ ಊರಲ್ಲಿಲ್ಲವಂತೆ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

"ಯಾರು ಸರೋಜಕ್ಕ, ಬಂದಿದ್ದು?"

"ಯಾರೋ ಒಬ್ಬ. ಕಾರು ಕೆಟ್ಟೋಯ್ತಂತೆ, ಕುಡಿಯಕ್ಕೆ ನೀರು ಕೇಳ್ತಿದಾನೆ."

"ಒಳ್ಳೆಯವನಾ?"

"ಎಂತ ಒಳ್ಳೆಯವ್ನು ಮಾರಾಯ್ತಿ. ಬೂಟು ಕಳಚದೆ ಒಳಗೆ ಬಂದ."

ಸರೋಜಕ್ಕನ ತೀರ್ಪು ಸರಿಯಾಗಿತ್ತು. ಬಂದವನು ಬಾಗಿಲು ಹಾಕಿಕೊಂಡ, ಫೋನಿನ ತಂತಿ ಕಿತ್ತ, ಅವಳು ಓಡಿ ಯಾವುದೋ ಕೋಣೆಯಲ್ಲಿ ಬಚ್ಚಿಟ್ಟುಕೊಂಡಳು. ಆಮೇಲೆ ಎರಡು ಗಂಟೆ ಅವನು ಹುಡುಕುವುದು, ಅವಳು ಅಡಗುವುದು. ಕಣ್ಣಿಗೆ ಕಂಡ ಹೆದರಿಕೆಗೆ ಒಂದು ಅಳತೆ ಇರುತ್ತದೆ. ನನಗೆ ಕಾಣುತ್ತಿದ್ದುದು ಏನೂ ಇಲ್ಲ. ಬರೀ ಬೂಟಿನ ಟಕ್ ಟಕ್, ಬಾಗಿಲಿನ ಕಿರ್ರ್, ಆ ಹಾಳು ಪಿಟೀಲು. ಉಳಿದದ್ದನ್ನು ನನ್ನ ಮನಸ್ಸೇ ತುಂಬಿಕೊಂಡಿತು, ಅದೂ ನಮ್ಮ ಮನೆಯ ಅಡಿಗೆಮನೆ, ನಮ್ಮ ಮನೆಯ ಬಚ್ಚಲನ್ನೇ ಹಾಕಿಕೊಂಡು.

ನನ್ನ ಸುತ್ತ ಇದ್ದವರ ಸ್ಥಿತಿಯೂ ಹೆಚ್ಚು ಬೇರೆಯಿರಲಿಲ್ಲ. ಮುಂದಿನ ಸಾಲಿನ ಕಾಲೇಜು ಹುಡುಗರು ಮೊದಮೊದಲು ಸಿಳ್ಳೆ ಹೊಡೆಯುತ್ತಿದ್ದವರು ಆಮೇಲೆ, "ಹಿಂದೆ ನೋಡೇ, ಹಿಂದೆ" ಎಂದು ಅವಳಿಗೆ ಬುದ್ಧಿ ಹೇಳತೊಡಗಿದರು. ನನ್ನ ಎಡಕ್ಕೆ ಕೂತ ದಪ್ಪ ಮೀಸೆಯ ಗಂಡಸು ಕಣ್ಣು ಮುಚ್ಚಿಕೊಂಡು ಹೆಂಡತಿಯನ್ನು, "ಹೋದ್ನಾ? ಹೋದ್ನಾ?" ಎಂದು ಕೇಳುತ್ತಿದ್ದ. ಇಂಟರ್‌ವಲ್‌ನಲ್ಲಿ ಅದೇ ಮನುಷ್ಯ ಪಾಪ್‌ಕಾರ್ನ್ ಸಾಲಿನಲ್ಲಿ ನಿಂತು ಮನೆಗೆ ಫೋನ್ ಮಾಡಿ, ಹಿಂದ್ಗಡೆ ಬಾಗ್ಲು ಹಾಕಿದೀರಾ ಎಂದು ವಿಚಾರಿಸುತ್ತಿದ್ದ.

ಇಡೀ ಥಿಯೇಟರಿನಲ್ಲಿ ಹೆದರದೆ ಕೂತವರು ಸರೋಜಕ್ಕ ಒಬ್ಬರೇ. ಅವರ ಚಿಂತೆಯೇ ಬೇರೆ. ಬಾಗಿಲು ಬಡಿದಾಗ ಆ ಹೆಂಗಸು ಒಲೆಯ ಮೇಲೆ ಹಾಲಿಟ್ಟಿದ್ದಳಂತೆ, ಇಳಿಸದೆ ಹೋಗಿದ್ದಳಂತೆ. "ಹಾಲು ಹಂಗೇ ಇದೆ ವಸು" ಎಂದು ಹತ್ತು ನಿಮಿಷಕ್ಕೊಮ್ಮೆ ನನ್ನ ಮೊಳಕೈ ತಿವಿಯುತ್ತಿದ್ದರು. ಕೊನೆಗೆ ಅವನು ಮೆಟ್ಟಿಲ ಕೆಳಗೆ, ಅವಳು ಮೆಟ್ಟಿಲ ಮೇಲೆ, ಪಿಟೀಲೂ ನಿಂತು ಹಾಲ್ ಪೂರ್ತಿ ಉಸಿರು ಬಿಗಿಹಿಡಿದ ಹೊತ್ತಿನಲ್ಲಿ ಸರೋಜಕ್ಕ ಗಿರಣಿಯ ಸದ್ದಿನ ಮೇಲೆ ಮಾತಾಡಿ ರೂಢಿಯಾದ ತಮ್ಮ ದನಿಯಲ್ಲಿ, "ಮೊದ್ಲು ಆ ಹಾಲು ಇಳ್ಸೆ ಮಾರಾಯ್ತಿ" ಎಂದುಬಿಟ್ಟರು. ಥಿಯೇಟರಿಗೆ ಥಿಯೇಟರೇ ನಕ್ಕಿತು. ಎರಡು ನಿಮಿಷ ಯಾರಿಗೂ ಹೆದರಿಕೆ ಇರಲಿಲ್ಲ. ಹೊರಗೆ ಬರುವಾಗ ಕಾಲೇಜು ಹುಡುಗರು ಸರೋಜಕ್ಕನಿಗೆ ದಾರಿ ಬಿಟ್ಟು ನಿಂತರು.

ಕನ್ನಡಕ ತೆಗೆದುಕೊಂಡು ವಾಪಸು ಬರುವಾಗ ಬಸ್ಸಿನಲ್ಲಿ ವಿಮರ್ಶೆ ನಡೆಯಿತು. "ಸುತ್ತ ಒಂದು ಮನೆ ಇಲ್ಲ, ಒಂದು ಜನ ಇಲ್ಲ. ಹಂಗಿರೋ ಜಾಗದಲ್ಲಿ ಎಂತಕ್ಕೆ ಮನೆ ಕಟ್ಟದು?" ಎಂದರು ಸರೋಜಕ್ಕ. ಅವರ ತವರು ಬ್ಯಾಕೋಡು, ಹಿನ್ನೀರಿನ ಆಚೆ. "ನಮ್ಮಲ್ಲೂ ಮನೆ ಮನೆಗೂ ದೂರನೇ. ಆದ್ರೆ ಬೆಳಿಗ್ಗೆ ಒಲೆ ಹೊಗೆ ಕಾಣ್ಲಿಲ್ಲ ಅಂದ್ರೆ ಯಾರಾದ್ರೂ ಬಂದು ನೋಡೋರು. ಜ್ವರನಾ, ಎಂತ ಕತೆ ಅಂತ. ಈ ಹುಡುಗಿಗೆ ಪಕ್ಕದಲ್ಲಿ ನನ್ನಂತೋಳು ಒಬ್ಳು ಇದ್ದಿದ್ರೆ ಪಿಚ್ಚರ್ ಅರ್ಧ ಗಂಟೆಗೆ ಮುಗೀತಿತ್ತು."

ನಾನು ನಕ್ಕೆ. "ಒಂಚೂರೂ ಹೆದರಿಕೆ ಆಗ್ಲಿಲ್ಲಪ್ಪ, ಎಲ್ಲಾ ಸುಳ್ಳು ಅಂತ ಗೊತ್ತಾಗ್ತದೆ" ಎಂದು ದೊಡ್ಡದಾಗಿ ಹೇಳಿಯೂ ಹೇಳಿದೆ. ಈ ಜಂಭವೇ ಮುಂದೆ ನನ್ನ ಕುತ್ತಿಗೆಗೆ ಬಂತು.

ಮರುದಿನ ಬೆಳಿಗ್ಗೆ ನಮ್ಮವರು ಎಂದಿನಂತೆ ಲೈಬ್ರರಿಗೆ ಹೊರಟರು. ಗಣಿತದ ಮೇಷ್ಟರಾಗಿ ನಿವೃತ್ತರಾದ ಅವರಿಗೆ ಒಂಬತ್ತರಿಂದ ಹನ್ನೊಂದರವರೆಗೆ ಊರಿನ ಎಲ್ಲ ಪೇಪರು ಓದದಿದ್ದರೆ ತಿಂದದ್ದು ಅರಗುವುದಿಲ್ಲ. ಮನೆಯಲ್ಲಿ ನಾನೊಬ್ಬಳೇ. ಫ್ರಿಜ್ಜು ಗುರ್ ಎಂದರೆ ಬೆಚ್ಚಿದೆ. ಬಚ್ಚಲಲ್ಲಿ ಮಗ್ಗು ಉರುಳಿದರೆ ಕೈಗೆ ಲಟ್ಟಣಿಗೆ ತೆಗೆದುಕೊಂಡೆ. ಅದನ್ನು ಹಿಡಿದುಕೊಂಡೇ ದೇವರಿಗೆ ದೀಪ ಹಚ್ಚಿದೆ. ಮಧ್ಯಾಹ್ನ ನಮ್ಮವರ ಹತ್ತಿರ ಹಿಂಬಾಗಿಲಿಗೆ ಒಂದು ಒಳ್ಳೆಯ ಚಿಲಕ ಬೇಕು ಎಂದೆ.

"ನಮ್ಮನೇಲಿ ಕದಿಯಕ್ಕೆ ಎಂತ ಇದೆ? ನಿನ್ನ ಹಳೇ ಪಾಠದ ನೋಟ್ಸಾ?" ಎಂದರು.

"ಕದಿಯಕ್ಕೆ ಬರೋರಲ್ಲ ಅವ್ರು. ಸುಮ್ನೆ ಬರ್ತಾರೆ" ಎಂದೆ. ಅವರು ನನ್ನ ಮುಖ ನೋಡಿ ಅಂಗಡಿಗೆ ಹೋದರು. ಸಂಜೆಯೇ ಬಂದು ಕೂರಿಸಿಕೊಟ್ಟ ಬಡಗಿ, "ಅಕ್ಕಿ ಗೋಡೌನಿಗೆ ಹಾಕೋ ಚಿಲಕ ಅಮ್ಮ ಇದು" ಎಂದ. ನನಗೆ ಸಮಾಧಾನವಾಯಿತು.

ಚಿಲಕ ಬಿದ್ದ ಮೇಲೆ ನಾನು ನೆಮ್ಮದಿಯಾಗಿದ್ದೆ. ಅದನ್ನು ತೆಗೆಯುವುದೇ ಬೇಡ ಎಂದು ಹಿತ್ತಲಿಗೆ ಹೋಗುವುದನ್ನೇ ಬಿಟ್ಟೆ, ಬಟ್ಟೆಯನ್ನೂ ಬಚ್ಚಲಲ್ಲೇ ಒಗೆದು ಮುಂದಿನ ಜಗಲಿಯಲ್ಲಿ ಒಣಗಿಸಿದೆ. ಮೊದಲ ದಿನ ಹತ್ತು ಗಂಟೆಗೆ ಸರೋಜಕ್ಕ ಬರಲಿಲ್ಲ. ಗಿರಣಿಯಲ್ಲಿ ರಶ್ ಇರಬಹುದು ಎಂದುಕೊಂಡು ಮುಂದಿನ ಜಗಲಿಯಲ್ಲೇ ಕೂತು ಅವರ ಪಾಲಿನ ಕಾಫಿಯನ್ನೂ ಕುಡಿದೆ. ಎರಡನೆಯ ದಿನ, ತೀರ್ಥಹಳ್ಳಿಯ ಮಗಳ ಮನೆಗೆ ಹೋಗಿರಬಹುದು ಎಂದುಕೊಂಡೆ. ನಾಲ್ಕನೆಯ ದಿನದ ಹೊತ್ತಿಗೆ, ಹೇಳದೆ ಕೇಳದೆ ಹೋಗುವುದೆಂದರೇನು, ಬರಲಿ, ನಾನೂ ಮಾತಾಡುವುದಿಲ್ಲ ಎಂದು ನನಗೇ ಸಿಟ್ಟು ಬಂತು. ಫೋನು ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಗೋಡೆಯಾಚೆ ಇರುವವರ ನಂಬರನ್ನು ಯಾರಾದರೂ ಇಟ್ಟುಕೊಳ್ಳುತ್ತಾರೆಯೇ?

ಏಳನೆಯ ದಿನ ನಮ್ಮವರು ಗಿರಣಿಯಿಂದ ರಾಗಿ ಹಿಟ್ಟು ತಂದರು. ಡಬ್ಬಿ ಕೆಳಗಿಡುತ್ತಾ, "ಸರೋಜಕ್ಕ ಸಿಕ್ಕಿದ್ರು. ನಿಮ್ಮನ್ನು ಕಾಣ್ದೆ ವಾರ ಆಯ್ತಲ್ಲ ಅಂದೆ" ಎಂದರು.

"ಊರಲ್ಲೇ ಇದಾರಾ? ಎಂತ ಅಂದ್ರು?"

"'ಟೀಚರ್ ಒಳಗೆ ಕೆಲಸದಲ್ಲಿ ಇರ್ತಾರೇನೋ. ಬಾಗ್ಲು ಹಾಕಿರ್ತದೆ. ನಾವು ಎಂತಕ್ಕೆ ತೊಂದ್ರೆ ಕೊಡದು' ಅಂದ್ರು."

ಟೀಚರ್. ಇರ್ತಾರೆ. ಇಪ್ಪತ್ತೆರಡು ವರ್ಷ ನನ್ನನ್ನು 'ವಸು, ಬಾರೆ, ಹೋಗೆ' ಎಂದವರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಚಿಲಕ ಹಾಕುವಾಗ ಹಿಂಬಾಗಿಲಿನಿಂದ ಬರಬಹುದಾದವರನ್ನೆಲ್ಲ ಲೆಕ್ಕ ಹಾಕಿದ್ದೆ. ದಿನಾ ಬರುವವರೊಬ್ಬರಿದ್ದಾರೆ ಎನ್ನುವುದೇ ಈ ಬುದ್ಧಿಗೇಡಿಗೆ ಹೊಳೆದಿರಲಿಲ್ಲ.

ಚಿಲಕ ಎಳೆದು ಹಿತ್ತಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸರೋಜಕ್ಕನ ಸ್ಟೀಲ್ ಬಟ್ಟಲು, ಅದಕ್ಕೊಂದು ತಟ್ಟೆ ಮುಚ್ಚಿ, ಬೆಕ್ಕು ಬಾಯಿ ಹಾಕದಂತೆ ಮೇಲೊಂದು ಕಲ್ಲು ಹೇರಿದ್ದರು. ತೆಗೆದು ನೋಡಿದರೆ ಸೌತೆಕಾಯಿ ಕಡುಬು, ಬೂಸಲು ಹಿಡಿದು ಹಸಿರಾಗಿತ್ತು. ನನಗೆ ಸೌತೆಕಾಯಿ ಕಡುಬೆಂದರೆ ಪ್ರಾಣ ಎಂದು ಅವರಿಗೆ ಗೊತ್ತು. ಬಟ್ಟಲು ಹಿಡಿದು ಅಲ್ಲೇ ಕಲ್ಲಿನ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತೆ.

ಕೊಟ್ಟ ಪಾತ್ರೆಯನ್ನು ನಮ್ಮಲ್ಲಿ ಬರಿದಾಗಿ ಮರಳಿಸುವುದಿಲ್ಲ. ಬಟ್ಟಲು ತಿಕ್ಕಿ ತೊಳೆದು, ಮರುದಿನ ಬೆಳಿಗ್ಗೆಯೇ ಕೂತು ಕೋಡುಬಳೆ ಮಾಡಿ ತುಂಬಿಸಿದೆ. ಸರಿಯಾಗಿ ಹತ್ತು ಗಂಟೆಗೆ ಹೊರಟೆ. ಆದರೆ ತಪ್ಪಿತಸ್ಥರ ಕಾಲು ನೆಟ್ಟಗೆ ಹೋಗುವುದಿಲ್ಲ. ಹಿಂದಿನಿಂದ ನುಗ್ಗಲು ನನಗಿನ್ನೂ ಹಕ್ಕಿದೆಯೇ ಎಂದು ಅನುಮಾನವಾಯಿತು. ಗೌರವವಾಗಿ ಹೋಗೋಣ ಎಂದು ಸುತ್ತುಹಾಕಿ ಅವರ ಮುಂಬಾಗಿಲಿಗೆ ಹೋಗಿ ಜೀವನದಲ್ಲಿ ಮೊದಲ ಸಲ ಅವರ ಮನೆಯ ಬೆಲ್ ಒತ್ತಿದೆ.

ಯಾರೂ ಬರಲಿಲ್ಲ. ಇನ್ನೊಮ್ಮೆ ಒತ್ತಿದೆ. ಹಿತ್ತಲಿನಿಂದ ಸರೋಜಕ್ಕನ ದನಿ ತೇಲಿ ಬಂತು: "ಗಿರಣಿ ಬಾಗ್ಲು ಆ ಕಡೆ ಇದೆ."

ನಾನು ಹೊರಗಿನವಳಾಗಿಬಿಟ್ಟಿದ್ದೆ. ವಾಪಸು ಹೋಗಿಬಿಡಲೇ ಎಂದು ಮೆಟ್ಟಿಲಿಳಿದವಳು ಮನೆಯ ಪಕ್ಕದ ಸಂದಿಗೆ ಬಂದಾಗ ಅಡಿಗೆಮನೆಯ ಕಿಟಕಿಯಿಂದ ಮೂಗಿಗೆ ಬಡಿಯಿತು, ಕಾಯ್ದ ಹಾಲಿನ ವಾಸನೆ. ಇಣುಕಿದೆ. ಹೊಸ ಗಾಜಿನಲ್ಲಿ ಎಲ್ಲವೂ ಸ್ಪಷ್ಟ: ಗ್ಯಾಸ್ ಒಲೆ, ಅದರ ಮೇಲೆ ಪಾತ್ರೆ, ಕೆನೆ ನಿಧಾನಕ್ಕೆ ಉಬ್ಬುತ್ತಿದೆ. ಅಡಿಗೆಮನೆಯಲ್ಲಿ ಯಾರೂ ಇಲ್ಲ. ಹಿಂಬಾಗಿಲು ಅರೆ ತೆರೆದಿದೆ. ಹಾಲು ಕಂಠಕ್ಕೆ ಬಂತು. ಬಡಿಯಬೇಕೇ, ಕೂಗಬೇಕೇ, ಒಳಗೆ ಹೋಗಬಹುದೇ ಎಂದು ಯೋಚಿಸುವಷ್ಟು ಹೊತ್ತನ್ನು ಯಾವ ಹಾಲು ಕೊಡುತ್ತದೆ? ಸಂದಿ ದಾಟಿ ಓಡಿ, ಬಾಗಿಲನ್ನು ಭುಜದಿಂದ ತಳ್ಳಿಕೊಂಡು ನುಗ್ಗಿ, ಕೈಯಲ್ಲಿದ್ದ ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಒಲೆ ಆರಿಸಿ, ಇಕ್ಕಳ ಹುಡುಕುವ ಪುರುಸೊತ್ತಿಲ್ಲದೆ ಸೆರಗಿನಲ್ಲೇ ಪಾತ್ರೆ ಹಿಡಿದು ಕೆಳಗಿಟ್ಟೆ. ಚಪ್ಪಲಿಯನ್ನೂ ಬಿಟ್ಟಿರಲಿಲ್ಲ.

ಹಿಂದೆ ಹೆಜ್ಜೆಯ ಸದ್ದಾಯಿತು. ತಿರುಗಿದರೆ ಸರೋಜಕ್ಕ, ಮೊರದಲ್ಲಿ ನುಗ್ಗೆಸೊಪ್ಪು ಹಿಡಿದು ನಿಂತಿದ್ದರು. ನನ್ನನ್ನು ನೋಡಿದರು, ನನ್ನ ಕಾಲು ನೋಡಿದರು, ಪಾತ್ರೆ ನೋಡಿದರು.

"ಉಕ್ತಾ?"

"ಇಲ್ಲ. ಇಳಿಸ್ದೆ."

"ಬೆಲ್ ಒತ್ತಿದ್ದು ನೀನಾ?"

"ನಾನೇ."

"ಎಂತಕ್ಕೆ?"

ನನಗೆ ಅಳು ತಡೆಯಲಾಗಲಿಲ್ಲ. ಹೆದರಿದ್ದನ್ನು, ಹೆದರಲಿಲ್ಲ ಎಂದು ಜಂಭ ಕೊಚ್ಚಿದ್ದನ್ನು, ಚಿಲಕ, ಲಟ್ಟಣಿಗೆ ಎಲ್ಲ ಹೇಳಿದೆ. ಲಟ್ಟಣಿಗೆ ಹಿಡಿದು ದೀಪ ಹಚ್ಚಿದ್ದು ಕೇಳಿದಾಗ ಸರೋಜಕ್ಕನ ತುಟಿಯ ಕೊನೆ ಅದುರಿತು. ಆದರೂ ಅವರು ನಗಲಿಲ್ಲ. ಮೊರ ಕೆಳಗಿಟ್ಟು ಮಣೆ ಎಳೆದುಕೊಂಡು ಕೂತರು.

"ಮೂರು ದಿನ ಬಂದೆ ಕಣೆ" ಎಂದರು. "ಕಡುಬು ಇಟ್ಟಿದ್ದು ಇಟ್ಟಲ್ಲೇ ಇತ್ತು. ಬಡಿಯಣ ಅಂತ ಕೈ ಎತ್ತಿದ್ದೆ. ಬಡಿದ್ರೆ ನಾನು ನಿಂಗೆ ಬೇರೆಯೋಳು ಆಗಿಬಿಡ್ತಿನಲ್ಲ ಅನ್ಸ್ತು. ವಾಪಸ್ ಬಂದೆ."

"ತಪ್ಪಾಯ್ತು ಸರೋಜಕ್ಕ. ನಾಳೆನೇ ಆ ಚಿಲಕ ಕೀಳಿಸ್ತೀನಿ."

"ಕೀಳದು ಎಂತಕ್ಕೆ, ಬಾಗ್ಲು ತೂತಾಗ್ತದೆ. ಎಂತಾದ್ರೂ ನೇತಾಕು ಅದಕ್ಕೆ." ಬಟ್ಟಲಿನ ಮುಚ್ಚಳ ತೆಗೆದು ಒಂದು ಕೋಡುಬಳೆ ಮುರಿದು ಬಾಯಿಗೆ ಹಾಕಿಕೊಂಡರು. ಅಗಿಯುತ್ತ ಹಾಲಿನ ಪಾತ್ರೆಯ ಕಡೆ ನೋಡಿದರು. ಕೆನೆ ಇಳಿದು ಸಣ್ಣಗೆ ಸುಕ್ಕುಗಟ್ಟಿತ್ತು.

"ಆ ಪಿಚ್ಚರಲ್ಲಿ ಕಡೇವರೆಗೂ ಯಾರೂ ಬರ್ಲಿಲ್ಲ ನೋಡು" ಎಂದರು, "ಹಾಲು ಇಳ್ಸಕ್ಕೆ."

ನಾನು ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದು, ಎರಡು ಲೋಟ ತೊಳೆದೆ.